ಸ್ಟೇರಿಂಗ್‌ನ ಆಟಕ್ಕೆ ಕೈ ಒಗ್ಗಿಸಬೇಡ

ಮೆಲ್ಕಾರ್

ಅಳಿಯಾ,

ಮೊನ್ನೆ ಫೋನಿನಲ್ಲಿ ನೀನು ಮೂರು ಸಂಗತಿ ಹೇಳಿದೆ. ಪಿಕಪ್‌ನ ಸ್ಟೇರಿಂಗ್‌ನಲ್ಲಿ ಸ್ವಲ್ಪ ಆಟ ಉಂಟು, ಹಂಪ್ ಹತ್ತಿಸುವಾಗ ಕಾಲಿನ ಹತ್ತಿರ 'ಕಟಕ್' ಎನ್ನುತ್ತದೆ, ಆದರೆ "ಅಭ್ಯಾಸ ಆಗಿದೆ ಮಾವ, ತೊಂದರೆ ಇಲ್ಲ". ಮೊದಲಿನ ಎರಡಕ್ಕೂ ಮದ್ದು ಉಂಟು. ನನ್ನ ನಿದ್ದೆ ಕೆಡಿಸಿದ್ದು ಮೂರನೆಯದು. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಎಂದು ಮರೆತುಬಿಡುತ್ತೀಯ. ಹಾಗಾಗಿ ಬರೆಯುತ್ತಿದ್ದೇನೆ.

ಕೈ ಬಹಳ ಬೇಗ ಹೊಂದಿಕೊಳ್ಳುತ್ತದೆ ಮಗಾ. ಸ್ಟೇರಿಂಗ್ ಒಂದು ಬೆರಳು ಸಡಿಲವಾದರೆ ಕೈ ಒಂದು ಬೆರಳು ಹೆಚ್ಚು ತಿರುಗಿಸಲು ಕಲಿಯುತ್ತದೆ. ಎರಡು ಬೆರಳಾದರೆ ಅದನ್ನೂ ಕಲಿಯುತ್ತದೆ. ದಿನಾ ಓಡಿಸುವವನಿಗೆ ಗಾಡಿ ನಿನ್ನೆ ಇದ್ದ ಹಾಗೆಯೇ ಇದೆ. ಬೇರೊಬ್ಬ ಕೂತು ಓಡಿಸಿದಾಗಲೇ "ಇದೆಂಥ ಮಾರಾಯ!" ಎನ್ನುವುದು. ಮೆಲ್ಕಾರಿನ ಗ್ಯಾರೇಜುಗಳಲ್ಲೇ ನನ್ನ ಕೂದಲು ನರೆತದ್ದು. ಗಾಡಿ ತಂದು ನಿಲ್ಲಿಸಿ "ಬ್ರೇಕ್ ಮಾತ್ರ ನೋಡಿ" ಎಂದವರ ಸ್ಟೇರಿಂಗ್ ಹಿಡಿದು ನೋಡಿ ಎಷ್ಟೋ ಸಲ ಎದೆ ಧಸಕ್ಕೆಂದಿದೆ.

ನೀನು ಖಾಲಿ ಗಾಡಿ ಓಡಿಸುವವನಲ್ಲ. ಅಡಿಕೆ ಮೂಟೆಯೋ ಮುರಕಲ್ಲೋ ಹೇರಿಕೊಂಡು ವೇಣೂರಿನಿಂದ ಹೊರಟು ಗುರುವಾಯನಕೆರೆ, ಮಡಂತ್ಯಾರು, ಪುಂಜಾಲಕಟ್ಟೆ, ವಗ್ಗ ದಾಟಿ ಬಿ.ಸಿ. ರೋಡಿಗೆ ಇಳಿಯುವವನು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ತಿರುವಿನಲ್ಲಿ ಎದುರಿನಿಂದ ಬಸ್ಸು ನುಗ್ಗಿದಾಗ ನಿನ್ನ ಕೈ ಮೊದಲು ಆ ಆಟವನ್ನು ಮುಗಿಸಬೇಕು, ಆಮೇಲಷ್ಟೇ ಚಕ್ರ ತಿರುಗುವುದು. ಅದಕ್ಕೆ ಅರ್ಧ ಸೆಕೆಂಡು ಹೋದರೂ ಗಾಡಿ 8 ಮೀಟರ್ ಮುಂದೆ ಹೋಗಿರುತ್ತದೆ. ನಮ್ಮ ಕಡೆಯ ತಿರುವುಗಳಲ್ಲಿ ಅಷ್ಟು ಸಾಕು, ಬೇರೇನೂ ಬೇಡ.

ಕಾನೂನು ಏನು ಹೇಳುತ್ತದೆ ಎಂದೂ ತಿಳಿದಿರಲಿ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೆಯ ನಿಯಮ ಇರುವುದು ಸ್ಟೇರಿಂಗ್‌ಗಾಗಿಯೇ. ಸ್ಟೇರಿಂಗ್ ಚಕ್ರದಲ್ಲಿ ಆಟ 30 ಡಿಗ್ರಿ ಮೀರಬಾರದು, ಜೋಡಣೆಯ ಬೋಲ್ಟುಗಳು ಸಡಿಲವಾಗದಂತೆ ಲಾಕ್ ಆಗಿರಬೇಕು ಎನ್ನುತ್ತದೆ ಅದು. 30 ಡಿಗ್ರಿ ಎಂದರೆ ಅಷ್ಟರವರೆಗೆ ಸುಖವಾಗಿ ಓಡಿಸಬಹುದು ಎಂದು ಓದಿಕೊಳ್ಳಬೇಡ. ಅದು ಕಟ್ಟಕಡೆಯ ಗಡಿ. ಒಳ್ಳೆಯ ಸ್ಥಿತಿಯಲ್ಲಿರುವ ಗಾಡಿಯ ಆಟ ಅದರ ಹತ್ತಿರವೂ ಸುಳಿಯುವುದಿಲ್ಲ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಸರ್ಟಿಫಿಕೇಟ್ (ಎಫ್‌ಸಿ) ಮಾಡಿಸುತ್ತೇವೆ, ನಿಜ. ಆದರೆ ಸವೆತ ಎಫ್‌ಸಿ ತಾರೀಕು ನೋಡಿಕೊಂಡು ಬರುವುದಿಲ್ಲವಲ್ಲ.

ಈಗ ಕೆಲಸಕ್ಕೆ ಬರೋಣ. ಆಟ ಎಲ್ಲಿಂದ ಎಂದು ಗೊತ್ತಾಗದೆ ಯಾವ ಸಾಮಾನನ್ನೂ ತೆಗೆದುಕೊಳ್ಳಬೇಡ. ಟೈ ರಾಡ್ ಎಂಡ್ ಸವೆದಿದ್ದರೂ ಆಟ ಬರುತ್ತದೆ, ಸ್ಟೇರಿಂಗ್ ಬಾಕ್ಸ್ ಸವೆದಿದ್ದರೂ ಬರುತ್ತದೆ, ಕಾಲಮ್ಮಿನ ಬುಷ್ ಹೋದರೂ ಬರುತ್ತದೆ. ಆದರೆ ನಿನ್ನ 'ಕಟಕ್' ಕಾಲಿನ ಹತ್ತಿರ ಕೇಳುವುದರಿಂದ ನನ್ನ ಅನುಮಾನ ಮೊದಲು ಕಾಲಮ್ಮಿನ ಕೆಳಗಿನ ಶಾಫ್ಟಿನ ಮೇಲೆ. ಗಾಡಿ ಸಮತಟ್ಟು ಜಾಗದಲ್ಲಿರಲಿ, ಚಕ್ರ ನೇರ ಇರಲಿ, ಎಂಜಿನ್ ಆಫ್ ಮಾಡು. ತಮ್ಮನನ್ನು ಒಳಗೆ ಕೂರಿಸಿ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸಣ್ಣಗೆ ಅಲ್ಲಾಡಿಸಲು ಹೇಳು. ನೀನು ಬಾನೆಟ್ ಎತ್ತಿ, ಟಾರ್ಚ್ ಹಾಕಿ, ಕಾಲಮ್ಮಿನಿಂದ ಕೆಳಗಿನ ಬಾಕ್ಸಿಗೆ ಹೋಗುವ ಶಾಫ್ಟನ್ನು ನೋಡು. ಅದರ ಎರಡು ತುದಿಗಳಲ್ಲಿ ಕ್ರಾಸ್ ಜಾಯಿಂಟ್ ಇರುತ್ತದೆ. ಒಂದೊಂದರ ಮೇಲೂ ಬೆರಳಿಡು. ಜಾಯಿಂಟಿನ ಮೇಲ್ಭಾಗ ತಿರುಗಿ ಕೆಳಭಾಗ ಒಂದು ಕ್ಷಣ ತಡೆದು ತಿರುಗಿದರೆ ಅದು ಹೋಗಿದೆ ಎಂದೇ ಅರ್ಥ. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ, ಆ 'ಕಟಕ್' ನೇರ ಉಗುರಿಗೆ ಬಂದು ತಾಗುತ್ತದೆ. ಕ್ರಾಸಿನ ಟೊಪ್ಪಿಯ ಅಂಚಿನಿಂದ ಕೆಂಪು ಪುಡಿ ಬಂದಿದೆಯೇ ನೋಡು. ಅದು ರಸ್ತೆಯ ಮಣ್ಣಲ್ಲ. ಒಳಗಿನ ಗ್ರೀಸ್ ಮುಗಿದು, ಸೂಜಿಯಂಥ ರೋಲರುಗಳು ತುಕ್ಕು ಹಿಡಿದು ಅರೆದುಹೋದ ಪುಡಿ. ನಡುವೆ ಶಾಫ್ಟ್ ಒಂದರೊಳಗೊಂದು ಜಾರುವ ಸ್ಪ್ಲೈನ್ ಉಂಟು. ಅದನ್ನೂ ಎರಡು ಕೈಯಲ್ಲಿ ಹಿಡಿದು ತಿರುಚಿ ನೋಡು.

ನಮ್ಮೂರಿನ ಮಳೆ, ಕೆಸರು, ಎಂಜಿನ್ನಿನ ಬಿಸಿ ಮೂರೂ ಸೇರಿ ಈ ಜಾಯಿಂಟನ್ನು ತಿನ್ನುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಳಗಿನ ಕ್ರಾಸ್ ಒದ್ದೆಯಾಗುವುದು, ಒಣಗುವುದು, ಮತ್ತೆ ಒದ್ದೆಯಾಗುವುದು ಇದೇ ಆಯಿತು. ಮೀನಿನ ಲೋಡಿನ ಗಾಡಿಯಾದರೆ ಮೇಲಿಂದ ಉಪ್ಪುನೀರೂ ಸೇರಿಕೊಳ್ಳುತ್ತದೆ. ಕೆಲವು ಸಲ ಸಡಿಲವಾಗುವುದರ ಬದಲು ಜಾಯಿಂಟ್ ಬಿಗಿದುಕೊಳ್ಳುವುದೂ ಉಂಟು. ಆಗ ತಿರುವು ಮುಗಿದ ಮೇಲೂ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ.

ಎರಡು ಕ್ರಾಸ್ ಯಾಕೆ ಎಂದು ನೀನು ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದೆ. ಆಗ ಗಿರಾಕಿ ಕಾಯುತ್ತಿದ್ದ, ಉತ್ತರ ಉಳಿದುಹೋಯಿತು. ಪಿಯುಸಿಯಲ್ಲಿ ಸ್ಪ್ರಿಂಗಿನ ನಿಯಮ ಓದಿದ್ದೀಯಲ್ಲ, ಆ ರಾಬರ್ಟ್ ಹುಕ್ 17ನೆಯ ಶತಮಾನದಲ್ಲಿ ಈ ಜಾಯಿಂಟಿನ ಬಗ್ಗೆಯೂ ಬರೆದವನು. ಓರೆಯಾಗಿ ಕೂತ ಒಂದೇ ಕ್ರಾಸ್ ತಿರುಗುವಾಗ ಆಚೆ ತುದಿ ಒಂದೇ ವೇಗದಲ್ಲಿ ತಿರುಗುವುದಿಲ್ಲ, ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತದೆ. ಅದೇ ಓರೆಯಲ್ಲಿ ಇನ್ನೊಂದು ಕ್ರಾಸ್ ಕೂತರೆ ಇದರ ಏರುಪೇರನ್ನು ಅದು ಸರಿಮಾಡುತ್ತದೆ. ಆದರೆ ನಡುವಿನ ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ನೇರದಲ್ಲಿ ಇರಬೇಕು. ಸ್ಪ್ಲೈನ್ ಬಿಚ್ಚಿ ತಪ್ಪು ಹಲ್ಲಿಗೆ ಕೂರಿಸಿದರೆ ಸ್ಟೇರಿಂಗ್ ಒಮ್ಮೆ ಹಗುರ, ಒಮ್ಮೆ ಭಾರ ಆಗುತ್ತದೆ, ಹೊಸ ಶಾಫ್ಟ್ ಹಾಕಿದರೂ.

ಇನ್ನೊಂದು ಮಾತು, ಇದನ್ನು ನೀನು ಕೇಳಲೇಬೇಕು. "ಕ್ರಾಸಿಗೆ ಒಂದು ಚುಕ್ಕೆ ವೆಲ್ಡಿಂಗ್ ಹೊಡೆದರೆ ಆಟ ಹೋಗುತ್ತದೆ, ಶಾಫ್ಟಿನ ದುಡ್ಡು ಉಳಿಯುತ್ತದೆ" ಎನ್ನುವವರು ಸಿಗುತ್ತಾರೆ. ಅಂಥವರ ಕೈಗೆ ಗಾಡಿ ಕೊಡಬೇಡ. ತಿರುಗಬೇಕಾದ ಜಾಯಿಂಟನ್ನು ಕಟ್ಟಿಹಾಕಿದರೆ ಆ ಒತ್ತಡವೆಲ್ಲ ಶಾಫ್ಟಿನ ಮೇಲೆ ಬೀಳುತ್ತದೆ, ಬಿಸಿ ತಾಗಿದ ಉಕ್ಕು ಹದ ಕೆಡುತ್ತದೆ, ಒಂದು ದಿನ ಅದು ಮುರಿಯುತ್ತದೆ. ಬ್ರೇಕ್ ಹೋದರೆ ಗೇರ್ ಉಂಟು, ಹ್ಯಾಂಡ್‌ಬ್ರೇಕ್ ಉಂಟು. ಸ್ಟೇರಿಂಗ್ ಕೈಬಿಟ್ಟರೆ ಹಿಡಿಯಲು ಏನೂ ಉಳಿಯುವುದಿಲ್ಲ. ನಿನ್ನಮ್ಮ, ನನ್ನ ಅಕ್ಕ, ಚಿನ್ನ ಅಡವಿಟ್ಟು ಗಾಡಿ ತೆಗೆಸಿಕೊಟ್ಟದ್ದು ನೀನು ಸಂಜೆ ಮನೆಗೆ ಬರುತ್ತೀಯ ಎಂಬ ಧೈರ್ಯದಲ್ಲಿ.

ಶಾಫ್ಟ್ ಪೂರ್ತಿ ಹೊಸದೇ ಹಾಕು. ಬಿಚ್ಚುವ ಮೊದಲು ಚಕ್ರ ನೇರ ಮಾಡಿ, ಸ್ಟೇರಿಂಗ್ ಅಲ್ಲಾಡದಂತೆ ಸೀಟ್‌ಬೆಲ್ಟಿನಿಂದ ಕಟ್ಟು. ಏರ್‌ಬ್ಯಾಗ್ ಇರುವ ಗಾಡಿಯಾದರೆ ಇದು ಬಹಳ ಮುಖ್ಯ. ಶಾಫ್ಟ್ ಕಳಚಿದಾಗ ಸ್ಟೇರಿಂಗ್ ಸುಮ್ಮನೆ ಸುತ್ತಿದರೆ ಅದರೊಳಗಿನ ವೈರಿನ ಸುರುಳಿ ಹರಿದುಹೋಗುತ್ತದೆ. ಬ್ಯಾಟರಿಯ ನೆಗೆಟಿವನ್ನೂ ಮೊದಲೇ ಬಿಚ್ಚಿಡು. ಮೇಲೂ ಕೆಳಗೂ ಬಿಳಿ ಪೇಂಟಿನಿಂದ ಗುರುತು ಹಾಕು. ಕ್ಲ್ಯಾಂಪಿನ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ಎಳೆಯಬೇಕು, ಏಕೆಂದರೆ ಅದು ಶಾಫ್ಟಿನ ಮೇಲೆ ಕೊರೆದ ಅಡ್ಡ ಕಚ್ಚಿನೊಳಗೆ ಹಾದುಹೋಗಿರುತ್ತದೆ. ಇದನ್ನು ತಿಳಿಯದೆ ಸುತ್ತಿಗೆ ಹೊಡೆದು ಹೊಡೆದು ಬಾಕ್ಸಿನ ಬೇರಿಂಗ್ ಕೆಡಿಸಿದ ಹುಡುಗರನ್ನು ನೋಡಿದ್ದೇನೆ. ತುಕ್ಕಿನ ಎಣ್ಣೆ ಬಿಟ್ಟು ರಾತ್ರಿಯಿಡೀ ಇರಲಿ, ಕ್ಲ್ಯಾಂಪಿನ ಸೀಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಸ್ವಲ್ಪ ಅಗಲಿಸು, ತಾನಾಗಿ ಜಾರುತ್ತದೆ.

ಹೊಸದನ್ನು ಕೂರಿಸುವಾಗ ಗುರುತಿಗೆ ಗುರುತು ಹೊಂದಿಸು. ಬೋಲ್ಟ್ ಕೈಯಲ್ಲೇ ಆ ಕಚ್ಚಿನ ಮೂಲಕ ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಶಾಫ್ಟ್ ಪೂರ್ತಿ ಒಳಗೆ ಕೂತಿಲ್ಲ. ಬಲ ಹಾಕಿ ಬಿಗಿದರೆ ಹೊರಗಿನಿಂದ ಎಲ್ಲ ಚೆಂದ ಕಾಣುತ್ತದೆ, ಆದರೆ ಒಳಗೆ ಬೋಲ್ಟ್ ಶಾಫ್ಟನ್ನು ಹಿಡಿದಿರುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ಕೆಲಸದ ಜೀವ ಇರುವುದು ಇಲ್ಲಿಯೇ. ಕಂಪನಿ ಹೇಳಿದ ಟಾರ್ಕಿಗೆ ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡು, ಹಳೆಯ ಬೋಲ್ಟು, ನಟ್ಟು ಎರಡನ್ನೂ ಎಸೆದುಬಿಡು. ಬಿಗಿದ ಮೇಲೆ ನಟ್ಟಿನ ಮೇಲೆ ಒಂದು ಪೇಂಟ್ ಗೆರೆ ಎಳೆ, ಮುಂದೆ ಅದು ಸರಿದಿದ್ದರೆ ಕಣ್ಣಿಗೇ ಕಾಣುತ್ತದೆ. ಮುಂಭಾಗ ಜಾಕ್ ಮಾಡಿ ಸ್ಟ್ಯಾಂಡಿನ ಮೇಲಿಟ್ಟು, ಬೆಲ್ಟ್ ಬಿಚ್ಚಿ, ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಎಲ್ಲಿಯೂ ವೈರು, ಪೈಪು ತಾಗುವುದಿಲ್ಲ ಎಂದು ನೋಡು. ಕಾಲಿನ ಹತ್ತಿರ ಶಾಫ್ಟ್ ಹೊರಹೋಗುವಲ್ಲಿರುವ ರಬ್ಬರ್ ಬೂಟು ಹರಿದಿದ್ದರೆ ಅದನ್ನೂ ಬದಲಿಸು.

ಸಾಮಾನು ತರುವಾಗ ಹಳೆಯ ಶಾಫ್ಟನ್ನೇ ಅಂಗಡಿಗೆ ಒಯ್ದು ಉದ್ದ, ಸ್ಪ್ಲೈನಿನ ಹಲ್ಲು ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸು. ಬಿ.ಸಿ. ರೋಡಿನಲ್ಲಿ ಸಿಗದಿದ್ದರೆ ಮಂಗಳೂರಿನಿಂದ ತರಿಸೋಣ, ಗುಜರಿಯದ್ದು ಮಾತ್ರ ಬೇಡ.

ಮಳೆಗಾಲ ಶುರುವಾಗುವ ಮೊದಲು, ಪತ್ತನಾಜೆಯೊಳಗೆ ಇದು ಮುಗಿಯಲಿ, ಮಳೆ ಹಿಡಿದರೆ ಬಾನೆಟ್ ಎತ್ತಲೂ ಆಗದು. ನಾಳೆಯೇ ತಮ್ಮನನ್ನು ಕೂರಿಸಿ ಬೆರಳಿಟ್ಟು ನೋಡಿ ನನಗೆ ಫೋನ್ ಮಾಡು. ಕ್ರಾಸಿನಲ್ಲಿ ಆಟ ಕಂಡರೆ ಗಾಡಿಯನ್ನು ಮೆಲ್ಕಾರಿಗೆ ಓಡಿಸಿಕೊಂಡು ಬರಬೇಡ, ಒಪ್ಪಿಕೊಂಡ ಬಾಡಿಗೆ ಇದ್ದರೂ ಬೇರೆಯವರಿಗೆ ಬಿಟ್ಟುಕೊಡು, ಆ ದುಡ್ಡು ನಾನು ಕೊಡುತ್ತೇನೆ. ಭಾನುವಾರ ಮೊದಲ ಬಸ್ಸಿಗೆ ಟಾರ್ಕ್ ರೆಂಚ್ ಹಿಡಿದುಕೊಂಡು ನಾನೇ ವೇಣೂರಿಗೆ ಬರುತ್ತೇನೆ. ತುಕ್ಕಿನ ಎಣ್ಣೆಯನ್ನು ಶನಿವಾರ ರಾತ್ರಿಯೇ ಬಿಟ್ಟಿಡು. ಊಟಕ್ಕೆ ಇರುತ್ತೇನೆಂದು ಅಕ್ಕನಿಗೆ ಹೇಳು.

ನಿನ್ನ ಪ್ರೀತಿಯ,
ಮಾವ