ನಗು ಯಾರ ಮೇಲೆ?

ದಿಢೀರ್ ಶ್ರೀಮಂತರ ಕಥೆ ನೋಡಿದ್ರೆ ನಮಗೆ ಯಾಕೆ ನಗು ಬರುತ್ತೆ? ಈ ಸಲದ ಪಾಠಕ್ಕೆ ನಾವು ಆರಿಸಿಕೊಂಡಿದ್ದು 2011ರ ಫ್ರೆಂಚ್ ಹಾಸ್ಯಚಿತ್ರ ‘ಲೆ ತುಶ್’. ನಿರ್ದೇಶಕ ಒಲಿವಿಯೆ ಬಾರೂ.

ಕಥೆ ಸರಳ. ಫ್ರಾನ್ಸಿನ ಒಂದು ಹಳ್ಳಿ. ಅಪ್ಪ ಜೆಫ್‌ಗೆ ಕೆಲಸ ಇಲ್ಲ, ಆದ್ರೂ ಮನೆಮಂದಿ ಖುಷಿಯಾಗಿದ್ದಾರೆ. ಲಾಟರಿಯಲ್ಲಿ 10 ಕೋಟಿ ಯೂರೋ ಬರುತ್ತೆ. ಎಲ್ಲರೂ ಗಂಟುಮೂಟೆ ಕಟ್ಟಿ ಶ್ರೀಮಂತರ ಪುಟ್ಟ ದೇಶ ಮೊನಾಕೊಗೆ ಹೊರಡ್ತಾರೆ.

ಇಲ್ಲಿ ನಗು ಹುಟ್ಟೋದು ನಮಗೆ ಗೊತ್ತಿರೋ ಜಡತ್ವದ ನಿಯಮದಿಂದಲೇ. ಬಸ್ಸು ಗಕ್ಕನೆ ಹೊರಟಾಗ ಕಾಲು ಮುಂದೆ ಹೋಗುತ್ತೆ, ಮೈ ಹಿಂದೆ ಉಳಿಯುತ್ತೆ. ಹಾಗೇ ದುಡ್ಡು ಮನೆಯನ್ನ ಒಂದೇ ದಿನದಲ್ಲಿ ಬದಲಿಸುತ್ತೆ, ಅಭ್ಯಾಸ ಬದಲಾಗಲ್ಲ. ಮೊನಾಕೊಗೆ ಹೋದ್ರೂ ಅವರಿಗೆ ಆಲೂಗಡ್ಡೆ ಫ್ರೈಸೇ ಪ್ರಾಣ.

ಆದರೆ ನಗುವಿನಲ್ಲಿ ಎರಡು ಬಗೆ. 1670ರ ಮೊಲಿಯೇರ್ ನಾಟಕವೊಂದರಲ್ಲಿ ಜೂರ್ದ್ಯಾಂ ಅನ್ನೋ ಸಾಹುಕಾರ ಇದ್ದಾನೆ. ದೊಡ್ಡಮನುಷ್ಯ ಆಗಬೇಕು ಅಂತ ಕುಣಿತಕ್ಕೆ, ಕತ್ತಿವರಸೆಗೆ ಮೇಷ್ಟ್ರನ್ನ ಇಟ್ಕೊಳ್ತಾನೆ. ಅವನಪ್ಪ ಬಟ್ಟೆ ವ್ಯಾಪಾರಿ. ಒಬ್ಬ ಬಂದು, ನಿಮ್ಮಪ್ಪ ವ್ಯಾಪಾರಿಯೇ ಅಲ್ಲ ಅಂದ್ರೆ ಇವನಿಗೆ ಖುಷಿಯೋ ಖುಷಿ. ಅಲ್ಲಿ ನಾವು ನಗೋದು ಸೋಗಿಗೆ. ತುಶ್ ಮನೆಯವರು ಸೋಗು ಹಾಕಲ್ಲ. ಅವರನ್ನ ನೋಡಿ ಮೂಗು ಮುರಿಯೋರೇ ನಗೆಪಾಟಲಾಗ್ತಾರೆ.

ಕನ್ನಡದ ಹಾಸ್ಯವೂ 1978ರಲ್ಲೇ ‘ಸಿಂಗಾಪುರದಲ್ಲಿ ರಾಜಾಕುಳ್ಳ’ ಚಿತ್ರದಲ್ಲಿ ವಿಷ್ಣುವರ್ಧನ್, ದ್ವಾರಕೀಶ್ ಜೊತೆ ವಿದೇಶ ಸುತ್ತಿತ್ತು. ಇಡೀ ಮನೆಮಂದಿಯನ್ನ ಈಗ ನಾವು ಕಳಿಸೋಣ. ವಿಜಯಪುರ ಕಡೆಯ ಅರಕೇರಿಯಲ್ಲಿ ದ್ರಾಕ್ಷಿ ಬೆಳೆಯೋ ಒಂದು ಮನೆ ಅಂದ್ಕೊಳ್ಳಿ. ಒಣದ್ರಾಕ್ಷಿ, ಅಂದ್ರೆ ಮಣೂಕಕ್ಕೆ ಭಾರೀ ರೇಟು ಬಂತು. ಎಲ್ಲರೂ ದುಬೈಗೆ ಹೋದ್ರು. ದೊಡ್ಡ ಹೋಟೆಲಿನ ಟೇಬಲ್ ಮೇಲೆ ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಟ್ಟಳು. ವೇಟರ್ ನೋಡ್ತಾ ನಿಂತ. ಇಂಜಿನಿಯರಿಂಗ್ ಓದೋ ಮಗ ಈಗ ಏನು ಮಾಡ್ತಾನೆ?

ಈ ಪ್ರಶ್ನೆಗೆ ನಾವೆಲ್ಲ ಸುಮ್ಮನಾದ್ವಿ. ಹೋದ ಸೆಮಿಸ್ಟರಿನಲ್ಲಿ ನಮ್ಮಲ್ಲೊಬ್ಬನ ಅಪ್ಪ ಧೋತರ ಉಟ್ಟು, ಮಣೂಕದ ಚೀಲ ಹಿಡಿದು ಹಾಸ್ಟೆಲ್ ಗೇಟಿಗೆ ಬಂದಿದ್ರು. “ಊಟ ಆತೇನೋ ತಮ್ಮಾ?” ಅಂತ ಕೇಳಿದ್ರು. ಯಾರು ಬಂದಿದ್ದು ಅಂತ ಆಮೇಲೆ ನಾವು ಕೇಳಿದ್ದಕ್ಕೆ ಅವನು “ಊರಿನೋರು” ಅಂದ. ನಾವೂ ಮುಂದೆ ಕೇಳಲಿಲ್ಲ. ಮಣೂಕ ಮಾತ್ರ ಎಲ್ಲರೂ ತಿಂದ್ವಿ.

ಅಭ್ಯಾಸ: ದುಬೈ ಸೀನನ್ನ ಎರಡು ರೀತಿ ಬರೆದು ತನ್ನಿ. ಒಂದರಲ್ಲಿ ಮಗ ರೊಟ್ಟಿ ಬಚ್ಚಿಡಲಿ. ಇನ್ನೊಂದರಲ್ಲಿ ವೇಟರ್‌ಗೂ ಒಂದು ಕೊಡಲಿ. ಎರಡನೇದನ್ನ ತಾನೇ ಬರೀತೀನಿ ಅಂತ ಅವನು ಹೇಳಿದ್ದಾನೆ.