ಮೂಳೆ ಕೇಳಿದ್ದೇ ಬೇರೆ, ನಾವು ಕೊಡಿಸಿದ್ದೇ ಬೇರೆ

ಬಚ್ಚಲಲ್ಲಿ ಜಾರಿ ಬಿದ್ದಾಗ ಅಮ್ಮನಿಗೆ 79. ತೊಡೆಮೂಳೆಯ ಕುತ್ತಿಗೆ ಮುರಿದಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಊರಿನಿಂದ ಆಂಬುಲೆನ್ಸ್‌ನಲ್ಲಿ ಪೇಟೆಯ ಆಸ್ಪತ್ರೆಗೆ ಒಯ್ದೆವು. ಆಪರೇಷನ್ನಿಗೆ ಮುಂಚೆ ಒಂದು ಹಾಳೆ ತಂದು ಮುಂದಿಟ್ಟರು. ಮೂರು ಬಗೆಯ ಕೀಲು, ಮೂರು ದರ. ಎಲ್ಲಕ್ಕಿಂತ ದುಬಾರಿಯದು ಸೆರಾಮಿಕ್ ತಲೆಯ, ಸಿಮೆಂಟಿಲ್ಲದೆ ಕೂರಿಸುವ ಪೂರ್ತಿ ಕೀಲು. ‘ಮೂವತ್ತು ವರ್ಷ ಯೋಚನೆ ಇಲ್ಲ’ ಎಂದರು. ಅಣ್ಣ ನನ್ನ ಮುಖ ನೋಡಿದ. ‘ಅಮ್ಮಂಗೆ ಕಡಿಮೇದು ಹಾಕ್ಸೋದಾ?’ ಆ ಮಾತಿನ ಮೇಲೆ ಇನ್ನೇನು ಉಳಿಯಿತು? ಸಹಿ ಹಾಕಿದೆವು.

ಮನೆಗೆ ಬಂದು ಎರಡು ವಾರ ಕಳೆದಿತ್ತು. ಮಂಚದಿಂದ ಏಳುತ್ತಿದ್ದ ಅಮ್ಮ ಕೂಗಿಕೊಂಡಳು. ಬಿದ್ದಿರಲಿಲ್ಲ, ಎಡವಿರಲಿಲ್ಲ. ಕಾಲು ಗಿಡ್ಡವಾದಂತೆ ಕಾಣುತ್ತಿತ್ತು.

ಈ ಸಲ ಮಂಗಳೂರಿಗೆ ಹೋದೆವು. ಅಲ್ಲಿನ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಪೆನ್ನಿನ ತುದಿಯಿಂದ ತೊಡೆಮೂಳೆಯ ಎರಡು ಅಂಚುಗಳನ್ನು ತೋರಿಸಿದರು. ಗಟ್ಟಿ ಬಿಳಿ ಪಟ್ಟಿಯಿರಬೇಕಾದ ಕಡೆ ನೂಲಿನೆಳೆಯಂಥ ಗೆರೆ. ನಡುವಿನ ಟೊಳ್ಳು ಅಗಲವಾಗಿತ್ತು. ಕೀಲಿನ ಕಾಂಡ ಕೆಳಕ್ಕೆ ಕುಸಿದು, ಸುತ್ತಲಿನ ಮೂಳೆ ಸೀಳಿತ್ತು. ಸಿಮೆಂಟಿಲ್ಲದ ಕಾಂಡವನ್ನು ಮೂಳೆಯೊಳಕ್ಕೆ ಬಿಗಿಯಾಗಿ ಬಡಿದು ಕೂರಿಸುತ್ತಾರೆ. ಆಮೇಲೆ ಮೂಳೆಯೇ ಬೆಳೆದು ಅದನ್ನು ಹಿಡಿದುಕೊಳ್ಳಬೇಕು. ಗಟ್ಟಿ ಮೂಳೆಯಿದ್ದವರಿಗೆ ಅದು ಒಳ್ಳೆಯದೇ. ಸವೆದ ಮೂಳೆಗೆ ಮಾತ್ರ ಒಣಬಿದಿರಿಗೆ ಬೆಣೆ ಹೊಡೆದ ಹಾಗೆ.

ಎರಡನೆಯ ಆಪರೇಷನ್ನಿನಲ್ಲಿ ಹಳೆಯ ಕಾಂಡ ತೆಗೆದು, ಮೂಳೆಗೆ ತಂತಿ ಸುತ್ತಿ, ಉದ್ದ ಕಾಂಡ ಹಾಕಿದರು. ಅಮ್ಮ ಮೂರು ತಿಂಗಳು ಹಾಸಿಗೆಯಲ್ಲೇ ಕಳೆದಳು. ಆಮೇಲೆ ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಿದ್ದಳು, ಅಷ್ಟೇ. ಅಂಗಳದ ಮಲ್ಲಿಗೆ ಬುಡಕ್ಕೆ ಮತ್ತೆ ಹೋಗಲಾಗಲಿಲ್ಲ. ನನಗೆ ಇವತ್ತಿಗೂ ಅದೇ ಸಂಕಟ.

ಮೂರು ವರ್ಷದ ಮೇಲೆ ಚಿಕ್ಕಮ್ಮ ಬಿದ್ದಳು. ಅವಳಿಗೆ 82, ಅದೇ ಮುರಿತ. ಈ ಸಲ ದರದ ಪಟ್ಟಿ ಕೇಳುವ ಮುಂಚೆ ಎಕ್ಸ್‌ರೇ ಕೇಳಿದೆ. ಮೂಳೆಯ ಗೋಡೆ ಎಷ್ಟು ದಪ್ಪ ಇದೆ? ಸಿಮೆಂಟ್ ಹಾಕುತ್ತೀರಾ? ಹಾಕದಿದ್ದರೆ ಯಾಕೆ? ಡಾಕ್ಟರು ಬೇಸರಿಸದೆ ಕೂತು ಹೇಳಿದರು. ಈ ಸಿಮೆಂಟ್ ಅಂಟಲ್ಲ; ಪುಡಿಗೆ ದ್ರವ ಕಲಸಿ ತುಂಬುವ ಅಕ್ರಿಲಿಕ್. ಮೂಳೆಯ ಸಂದುಗೊಂದಿಗೆ ಇಳಿದು ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1960ರ ದಶಕದಲ್ಲಿ ನೆಲೆಗೊಳಿಸಿದ ವಿಧಾನ. ಹಳೆಯದೆಂದು ಮೂಗು ಮುರಿಯುವ ಹಾಗಿಲ್ಲ: ಸೊಂಟ ಮುರಿದ 60 ದಾಟಿದವರ ಮೇಲೆ ಬ್ರಿಟನ್ನಿನಲ್ಲಿ ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಟ್ಟಲನ್ನು ಹಾಗೇ ಬಿಟ್ಟು ತೊಡೆಯ ತಲೆ ಮಾತ್ರ ಬದಲಿಸುವ ಅರ್ಧ ಕೀಲಿಗೆ ಸಿಮೆಂಟ್ ಹಾಕಿಸಿಕೊಂಡವರಲ್ಲಿ ಶೇ. 0.5ರಷ್ಟು ಮಂದಿಗೆ ಕೀಲಿನ ಸುತ್ತ ಮೂಳೆ ಮುರಿದಿತ್ತು. ಹಾಕಿಸದವರಲ್ಲಿ ಅದು ಶೇ. 2.1. ಸಿಮೆಂಟಿಗೂ ಅದರದೇ ಅಪಾಯವಿದೆ. ಒತ್ತಿ ತುಂಬುವಾಗ ಕೆಲವರಿಗೆ ಬಿ.ಪಿ. ದಿಢೀರನೆ ಇಳಿಯುತ್ತದೆ. ಹಾಗಾಗಿ ಚಿಕ್ಕಮ್ಮನ ಎದೆಯ ಎಕೋ ಮಾಡಿಸಿ, ಅರಿವಳಿಕೆ ಡಾಕ್ಟರ ಹತ್ತಿರ ಬೇರೆಯಾಗಿ ಮಾತಾಡಿದೆವು.

ಪೂರ್ತಿ ಕೀಲೋ ಅರ್ಧವೋ ಎಂಬುದಕ್ಕೆ ಡಾಕ್ಟರು ತಿರುಗಿ ನಮ್ಮನ್ನೇ ಕೇಳಿದರು: ಬೀಳುವ ಮೊದಲು ಎಷ್ಟು ಓಡಾಡುತ್ತಿದ್ದರು? ನೆಲದ ಮೇಲೆ ಕೂರುತ್ತಾರಾ? ಮರೆವು ಇದೆಯಾ? ಚಿಕ್ಕಮ್ಮ ಮನೆ ಬಿಟ್ಟು ಹೊರಗೆ ಹೋಗುತ್ತಿದ್ದುದೇ ಕಡಿಮೆ. ಪೇಟೆಗೆ ತಾನೇ ಹೋಗಿಬರುವವಳಾಗಿದ್ದರೆ ಪೂರ್ತಿ ಕೀಲಿನ ಮಾತು ಬರುತ್ತಿತ್ತು. ಕೀಲು ಜಾರುವ ಭಯವಿದ್ದರೆ ತಲೆಯೊಳಗೆ ಇನ್ನೊಂದು ತಲೆ ತಿರುಗುವ ಡ್ಯುಯಲ್ ಮೊಬಿಲಿಟಿ ಬಟ್ಟಲೂ ಇದೆ, 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ್ದು. ಅವಳಿಗೆ ಸಿಮೆಂಟಿನ ಬೈಪೋಲಾರ್, ಅಂದರೆ ಅರ್ಧ ಕೀಲು, ಸಾಕೆಂದರು. ಅವಳ ಮಗ ‘ಇನ್ನೂ ಒಳ್ಳೇದು ಇದ್ಯಲ್ಲಾ’ ಎಂದು ಎರಡು ಸಲ ಫೋನ್ ಮಾಡಿದ. ಅಣ್ಣ ನನಗೆ ಹೇಳಿದ ಮಾತೇ ಬೇರೆ ಬಾಯಲ್ಲಿ ಬಂದಿತ್ತು. ಅಮ್ಮನ ಎರಡನೆಯ ಎಕ್ಸ್‌ರೇಯ ಫೋಟೋ ಕಳಿಸಿದೆ.

ಆಪರೇಷನ್ನಿನ ಮರುದಿನವೇ ಚಿಕ್ಕಮ್ಮನನ್ನು ಎಬ್ಬಿಸಿ ನಿಲ್ಲಿಸಿದರು. ಮನೆಯಲ್ಲಿ ಕಮೋಡ್ ಕುರ್ಚಿ ತಂದಿಟ್ಟೆವು, ಈಳಿಗೆಮಣೆ ಅಟ್ಟ ಸೇರಿತು, ತರಕಾರಿ ಹೆಚ್ಚಲು ಮೇಜು ಬಂತು.

ಇನ್ನೊಂದು ಮಾತು. ಕೀಲಿನ ಡಬ್ಬಿಯ ಮೇಲೆ ಕಂಪನಿ, ಅಳತೆ, ಲಾಟ್ ಸಂಖ್ಯೆ ಬರೆದ ಚಿಕ್ಕ ಸ್ಟಿಕ್ಕರುಗಳಿರುತ್ತವೆ. ಅಮ್ಮನ ಒಳಗೆ ಯಾವ ಕಾಂಡವಿದೆ ಎಂದು ಮಂಗಳೂರಿನಲ್ಲಿ ಕೇಳಿದಾಗ ನಮ್ಮ ಕೈಯಲ್ಲಿ ಬಿಲ್ಲು ಮಾತ್ರ ಇತ್ತು. ಹಳೆಯ ಆಸ್ಪತ್ರೆಯ ಫೈಲು ಸಿಗುವವರೆಗೆ ಎರಡು ದಿನ ನೋವಿನಲ್ಲೇ ಮಲಗಿದ್ದಳು ಪಾಪ. ಚಿಕ್ಕಮ್ಮನ ಸ್ಟಿಕ್ಕರುಗಳು ಡಿಸ್ಚಾರ್ಜ್ ಹಾಳೆಯ ಹಿಂಬದಿಯಲ್ಲಿ ಅಂಟಿವೆ. ಅದನ್ನು ಅವಳ ಆಧಾರ್ ಕಾರ್ಡಿನ ಜತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ.