ಆರನೇ ವರ್ಷದ ದವಡೆಹಲ್ಲು

“ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ” ಎಂದು ಅಮೃತೂರಿನ ಕಡೆ ಅನೇಕ ತಾಯಂದಿರು ಸುಮ್ಮನಾಗುತ್ತಾರೆ. ಆದರೆ 6ನೇ ವಯಸ್ಸಿನ ಸುಮಾರಿಗೆ, ಯಾವ ಹಲ್ಲೂ ಬೀಳದೆ ಹಾಲುಹಲ್ಲುಗಳ ಹಿಂದೆ ಮೂಡುವ ದವಡೆಹಲ್ಲು ಶಾಶ್ವತವಾದದ್ದು. ಹೋದರೆ ಮತ್ತೆ ಬರುವುದಿಲ್ಲ.

ಮಿಸ್ವಾಕ್ ಸುನ್ನತ್, ಹಲ್ಲಿಗೂ ಒಸಡಿಗೂ ಹಿತ. ಆದರೆ ಈ ಹಲ್ಲಿನ ಮೇಲಿನ ಕಿರುಗೆರೆಗಳೊಳಗೆ ಬ್ರಶ್ಶಿನ ಎಳೆಯೂ ಇಳಿಯದು, ನಮ್ಮ ಯುನಾನಿ ಹಲ್ಲುಪುಡಿಯೂ ತಲುಪದು. ಅಲ್ಲಿ ಸಿಕ್ಕಿಕೊಂಡ ಬಿಸ್ಕತ್ತು, ಮಿಠಾಯಿಯಿಂದ ರೋಗಾಣುಗಳು ಆಮ್ಲ ಉಂಟುಮಾಡಿ ಹಲ್ಲನ್ನು ಹುಳುಕಾಗಿಸುತ್ತವೆ.

ದಂತವೈದ್ಯರು ಸೀಲೆಂಟ್ ಎಂಬ ತೆಳು ಲೇಪದಿಂದ ಆ ಗೆರೆಗಳನ್ನು ಮುಚ್ಚುತ್ತಾರೆ. ಕೊರೆಯುವುದಿಲ್ಲ, ಸೂಜಿಯಿಲ್ಲ. ಮೊದಲ 2 ವರ್ಷ ದವಡೆಹಲ್ಲಿನ ಹುಳುಕಿನಲ್ಲಿ ಸುಮಾರು ಶೇ. 80ರಷ್ಟನ್ನು ಇದು ತಡೆಯುತ್ತದೆ.

6ರಲ್ಲಿ ಒಮ್ಮೆ, ಎರಡನೇ ದವಡೆಹಲ್ಲು ಬರುವ 12ರ ಸುಮಾರಿಗೆ ಇನ್ನೊಮ್ಮೆ ಮಗುವನ್ನು ದಂತವೈದ್ಯರಿಗೆ ತೋರಿಸಿ. ಲೇಪ ಹಾಕಿಸಿದರೂ ದಿನಕ್ಕೆರಡು ಬಾರಿ ಹಲ್ಲುಜ್ಜುವುದನ್ನು ಬಿಡಿಸಬೇಡಿ.